ಪ್ರಣಾಳಿಕೆಯಲ್ಲಿ ನಿಮ್ಮ ಮನೆಯ ಆರೋಗ್ಯ ಎಲ್ಲಿದೆ?

2024ರ ಏಪ್ರಿಲ್ ತಿಂಗಳ ಒಂದು ಸಂಜೆ. ಲೋಕಸಭಾ ಚುನಾವಣೆಗೆ ಇನ್ನೊಂದು ವಾರ ಉಳಿದಿತ್ತು. ವಿಜಯನಗರದ ನನ್ನ ಕ್ಲಿನಿಕ್ಕಿಗೆ ತಂದೆ-ಮಗ ಒಟ್ಟಿಗೇ ಬಂದರು. ಆದರೆ ಬೆಂಚಿನ ಒಂದು ತುದಿಯಲ್ಲಿ ತಂದೆ, ಇನ್ನೊಂದು ತುದಿಯಲ್ಲಿ ಮಗ ಕುಳಿತರು. ತಂದೆಗೆ 68 ವರ್ಷ. ಖಾಸಗಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಹನ್ನೆರಡು ವರ್ಷಗಳಿಂದ ನನ್ನ ಬಳಿಯೇ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ಅಂದು ಅವರ ರಕ್ತದೊತ್ತಡ 176/100 ಇತ್ತು.

‘ಮಾತ್ರೆ ಬಿಟ್ಟಿದ್ದೀರಾ ಯಜಮಾನ್ರೇ?’ ಎಂದು ಕೇಳಿದೆ.

‘ಮಾತ್ರೆ ಬಿಟ್ಟಿಲ್ಲ ಡಾಕ್ಟ್ರೇ, ಮಾತು ಬಿಟ್ಟಿದ್ದೀನಿ. ಇವನ ಜೊತೆ’ ಎಂದು ಮಗನ ಕಡೆ ಕೈ ತೋರಿಸಿದರು.

ಕಾರಣ ಚುನಾವಣೆ. ತಂದೆ ಒಂದು ಪಕ್ಷದ ಕಡೆ, ಮಗ ಇನ್ನೊಂದರ ಕಡೆ. ನಾಲ್ಕು ದಿನದಿಂದ ಊಟಕ್ಕೂ ಒಟ್ಟಿಗೆ ಕೂರುತ್ತಿರಲಿಲ್ಲ. ‘ಜಗಳವಿರಲಿ, ನಿಮ್ಮ ಮನೆಯ ಔಷಧಿ ಖರ್ಚಿನ ಬಗ್ಗೆ ನಿಮ್ಮ ನಿಮ್ಮ ಪಕ್ಷ ಏನು ಹೇಳಿದೆ?’ ಎಂದು ಕೇಳಿದೆ. ಇಬ್ಬರಿಗೂ ಗೊತ್ತಿರಲಿಲ್ಲ. ನಾಯಕರ ಮಾತು, ಅವರ ಉಡುಗೆ, ಯಾರು ಯಾರನ್ನು ಬೈದರು ಎಂಬುದೆಲ್ಲ ಬಾಯಿಪಾಠವಾಗಿತ್ತು. ತಿಂಗಳು ತಿಂಗಳೂ ತಮ್ಮದೇ ಜೇಬಿನಿಂದ ಹೋಗುವ ಹಣದ ವಿಚಾರ ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಅಂದು ನಾವು ಮೂವರೂ ಹತ್ತು ನಿಮಿಷ ಕುಳಿತು ಮಾಡಿದ ಕೆಲಸವನ್ನೇ ಇಂದು ಓದುಗರ ಮುಂದಿಡುತ್ತಿದ್ದೇನೆ. ಯಾರಿಗೆ ಮತ ಹಾಕಬೇಕೆಂದು ಹೇಳುವುದು ವೈದ್ಯನ ಕೆಲಸವಲ್ಲ. ಆದರೆ ಎರಡು ಔಷಧ ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಹೇಗೆಂದು ಹೇಳಿಕೊಡಬಲ್ಲೆ. ಪ್ರಣಾಳಿಕೆಗಳನ್ನೂ ಹಾಗೆಯೇ ನೋಡಬಹುದು.

ಒಂದೇ ಪ್ರಶ್ನೆ, ಎರಡು ಉತ್ತರ

ಆ ಚುನಾವಣೆಗೆ ಕಾಂಗ್ರೆಸ್ಸಿನ ಪ್ರಣಾಳಿಕೆ ಏಪ್ರಿಲ್ 5ರಂದೂ ಬಿಜೆಪಿಯದು ಏಪ್ರಿಲ್ 14ರಂದೂ ಬಿಡುಗಡೆಯಾಗಿದ್ದವು. ಆಸ್ಪತ್ರೆ ಖರ್ಚಿನ ಬಗ್ಗೆ ಎರಡೂ ಪಕ್ಷಗಳು ಮಾತು ಕೊಟ್ಟಿದ್ದವು. 70 ವರ್ಷ ದಾಟಿದ ಎಲ್ಲರನ್ನೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ್ ಯೋಜನೆಗೆ ಸೇರಿಸಿ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುವುದಾಗಿ ಬಿಜೆಪಿ ಹೇಳಿತ್ತು. ರಾಜಸ್ಥಾನದ ಮಾದರಿಯಲ್ಲಿ 25 ಲಕ್ಷ ರೂಪಾಯಿವರೆಗೆ ನಗದುರಹಿತ ವಿಮೆ ತರುವುದಾಗಿ ಕಾಂಗ್ರೆಸ್ ಹೇಳಿತ್ತು.

25 ದೊಡ್ಡದು, 5 ಚಿಕ್ಕದು ಎಂದು ಇಲ್ಲಿಗೇ ನಿಲ್ಲಿಸಿದರೆ ತಪ್ಪಾಗುತ್ತದೆ. ನಮ್ಮ ಯಜಮಾನರಿಗೆ 68 ವರ್ಷ. ತಾವು ನಾಲ್ಕು ದಿನದಿಂದ ಸಮರ್ಥಿಸುತ್ತಿದ್ದ ಮಾತು ತಮಗೇ ಅನ್ವಯವಾಗಲು ಇನ್ನೂ ಎರಡು ವರ್ಷ ಕಾಯಬೇಕು ಎಂಬುದು ಅವರಿಗೆ ಅಂದೇ ತಿಳಿದದ್ದು. ಮಗನನ್ನು ಕೇಳಿದೆ: ‘25 ಲಕ್ಷದ ವಿಮೆ ಯಾವ ವರ್ಷದಿಂದ? ಯಾವ ಆಸ್ಪತ್ರೆಗಳಲ್ಲಿ? ಪ್ರೀಮಿಯಂ ಕಟ್ಟುವವರು ಯಾರು?’ ಅವರ ಬಳಿಯೂ ಉತ್ತರವಿರಲಿಲ್ಲ.

ಇನ್ನೂ ಮುಖ್ಯವಾದ ಸಂಗತಿ ಬೇರೆಯೇ ಇತ್ತು. ಇಂಥ ವಿಮೆಗಳು ಬಹುಮಟ್ಟಿಗೆ ಆಸ್ಪತ್ರೆಯಲ್ಲಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಸಂಬಂಧಿಸಿದವು. ಯಜಮಾನರಿಗೆ ಆಗುತ್ತಿದ್ದ ಖರ್ಚಾದರೋ ದಿನನಿತ್ಯದ ಮಾತ್ರೆಯದು, ಮೂರು ತಿಂಗಳಿಗೊಮ್ಮೆ ಮಾಡಿಸುವ ರಕ್ತ ಪರೀಕ್ಷೆಯದು. ಅದಕ್ಕೆ 5 ಲಕ್ಷವೂ ಬರುವುದಿಲ್ಲ, 25 ಲಕ್ಷವೂ ಬರುವುದಿಲ್ಲ. ಹಾಗಾದರೆ ಅವರು ಹೋಲಿಸಬೇಕಾದ ಸಾಲುಗಳು ಬೇರೆ. ಜನೌಷಧಿ ಕೇಂದ್ರಗಳನ್ನು ಹೆಚ್ಚಿಸಿ ಕಡಿಮೆ ಬೆಲೆಗೆ ಮಾತ್ರೆ ಸಿಗುವಂತೆ ಮಾಡುತ್ತೇವೆ ಎಂದದ್ದು ಬಿಜೆಪಿ. ಸರ್ಕಾರಿ ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲಿ ತಪಾಸಣೆ, ಪರೀಕ್ಷೆ, ಔಷಧಿ ಎಲ್ಲವನ್ನೂ ಉಚಿತವಾಗಿ ಕೊಡುತ್ತೇವೆ ಎಂದದ್ದು ಕಾಂಗ್ರೆಸ್. ನಿಮ್ಮ ಮನೆಗೆ ಹತ್ತಿರ ಇರುವುದು ಜನೌಷಧಿ ಅಂಗಡಿಯೋ ಸರ್ಕಾರಿ ಆರೋಗ್ಯ ಕೇಂದ್ರವೋ? ಕ್ಯೂನಲ್ಲಿ ನಿಲ್ಲಲು ನಿಮಗೆ ಸಮಯವಿದೆಯೋ, ದುಡ್ಡು ಕೊಟ್ಟು ತರುವ ಶಕ್ತಿಯಿದೆಯೋ? ಹೋಲಿಕೆ ಶುರುವಾಗಬೇಕಾದದ್ದು ಇಲ್ಲಿಂದ.

ಇನ್ನೊಂದು ವಿಷಯ ಕೇಳಿ ತಂದೆ-ಮಗ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಅವರದು ಎ.ಪಿ.ಎಲ್. ಕಾರ್ಡು. 2018ರಿಂದಲೇ ಆರೋಗ್ಯ ಕರ್ನಾಟಕ ಯೋಜನೆಯಡಿ ಎ.ಪಿ.ಎಲ್. ಕುಟುಂಬಕ್ಕೂ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಮಿತಿಯೊಳಗೆ, ಸರ್ಕಾರ ಭರಿಸುವ ವ್ಯವಸ್ಥೆ ಇತ್ತು. ಬಿ.ಪಿ.ಎಲ್. ಕುಟುಂಬಕ್ಕೆ ಮಿತಿ 5 ಲಕ್ಷ. ಬರಲಿರುವುದಕ್ಕಾಗಿ ಜಗಳವಾಡುವ ಭರದಲ್ಲಿ ಕೈಯಲ್ಲಿದ್ದುದನ್ನೇ ಅವರು ನೋಡಿರಲಿಲ್ಲ. ಈ ಯೋಜನೆಯ ಕಥೆಯೂ ಸ್ವಾರಸ್ಯಕರ. ಕಾಂಗ್ರೆಸ್ ಸರ್ಕಾರ 2018ರ ಮಾರ್ಚ್‌ನಲ್ಲಿ ಇದನ್ನು ಆರಂಭಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಜೆಡಿಎಸ್-ಕಾಂಗ್ರೆಸ್ ಮೈತ್ರಿ ಸರ್ಕಾರವಿದ್ದಾಗ, ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿತು. 2019ರಲ್ಲಿ ಬಂದ ಬಿಜೆಪಿ ಸರ್ಕಾರ ಮುಂದುವರಿಸಿತು. ಮೂರೂ ಪಕ್ಷಗಳ ಕೈ ದಾಟಿ ಬಂದ ಯೋಜನೆಗಾಗಿ ಮೂರು ಪಕ್ಷದವರು ಜಗಳವಾಡುವುದುಂಟು!

ಈ ಮಾತೆಲ್ಲ ಮುಗಿಯುವ ಹೊತ್ತಿಗೆ ರಕ್ತದೊತ್ತಡ ಮತ್ತೆ ನೋಡಿದೆ, 154/92ಕ್ಕೆ ಇಳಿದಿತ್ತು. ಸಿಟ್ಟಿನಲ್ಲಿರುವಾಗ ನೋಡಿದ ಒಂದೇ ಅಳತೆಯಿಂದ ಮಾತ್ರೆ ಹೆಚ್ಚಿಸಿಕೊಳ್ಳಬೇಡಿ. ಐದು ನಿಮಿಷ ಸುಮ್ಮನೆ ಕುಳಿತು ಮತ್ತೆ ನೋಡಿಸಿಕೊಳ್ಳಿ. ಅದೇ ರೀತಿ, ಸಿಟ್ಟಿನಲ್ಲಿರುವಾಗ ಅಭ್ಯರ್ಥಿಗಳನ್ನೂ ಅಳೆಯಬೇಡಿ.

ಅಕ್ಕಿಯೋ, ಹಾಲು-ಸಿರಿಧಾನ್ಯವೋ?

ಈಗ ಹೋಲಿಕೆಯನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಇದಕ್ಕೆ 2023ರ ಮೇ 10ರಂದು ನಡೆದ ವಿಧಾನಸಭಾ ಚುನಾವಣೆ ಒಳ್ಳೆಯ ಉದಾಹರಣೆ. ಫಲಿತಾಂಶ ಬಂದು ವರ್ಷಗಳಾದ್ದರಿಂದ ಜಗಳವಿಲ್ಲದೆ ಮಾತನಾಡಬಹುದು.

ಬಡವರ ಮನೆಯ ಊಟದ ಬಗ್ಗೆ ಎರಡು ಪಕ್ಷಗಳು ಎರಡು ಬಗೆಯ ಮಾತು ಕೊಟ್ಟವು. ಬಿ.ಪಿ.ಎಲ್. ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 10 ಕೆ.ಜಿ. ಅಕ್ಕಿ ಎಂದದ್ದು ಕಾಂಗ್ರೆಸ್. ಬಿ.ಪಿ.ಎಲ್. ಕುಟುಂಬಕ್ಕೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ತಿಂಗಳಿಗೆ 5 ಕೆ.ಜಿ. ಸಿರಿಧಾನ್ಯ ಎಂದದ್ದು ಬಿಜೆಪಿ. ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಕೇಂದ್ರದಿಂದ ತಲಾ 5 ಕೆ.ಜಿ. ಹೇಗೂ ಬರುತ್ತಿತ್ತು. ಆದ್ದರಿಂದ ನಾವು ಹೋಲಿಸಬೇಕಾದದ್ದು ಹೆಚ್ಚುವರಿಯನ್ನು ಮಾತ್ರ: ತಲಾ 5 ಕೆ.ಜಿ. ಅಕ್ಕಿ ಒಂದು ಕಡೆ, ಮನೆಗೆ ಅರ್ಧ ಲೀಟರ್ ಹಾಲು ಮತ್ತು 5 ಕೆ.ಜಿ. ಸಿರಿಧಾನ್ಯ ಇನ್ನೊಂದು ಕಡೆ.

ಇಲ್ಲಿ ‘ತಲಾ’ ಮತ್ತು ‘ಮನೆಗೆ’ ಎಂಬ ಎರಡು ಪದಗಳನ್ನು ಗಮನಿಸಿ. ಹತ್ತು ಜನರಲ್ಲಿ ಒಂಬತ್ತು ಜನ ಎಡವುವುದು ಇಲ್ಲೇ.

ನಾಲ್ಕು ಜನರ ಮನೆ ಎಂದುಕೊಳ್ಳಿ. ಹೆಚ್ಚುವರಿ ಅಕ್ಕಿ 20 ಕೆ.ಜಿ. ಆಗುತ್ತದೆ. ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 165 ಗ್ರಾಂ. ಅದರಿಂದ 580 ಕ್ಯಾಲೊರಿ ಶಕ್ತಿ, 12 ಗ್ರಾಂ ಪ್ರೋಟೀನು ಸಿಗುತ್ತದೆ. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇಲ್ಲವೆನ್ನುವಷ್ಟು ಕಡಿಮೆ. ಎರಡನೆಯ ಲೆಕ್ಕದಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ 125 ಮಿ.ಲೀ. ಹಾಲು, ಸುಮಾರು 40 ಗ್ರಾಂ ಸಿರಿಧಾನ್ಯ. ಶಕ್ತಿ 210 ಕ್ಯಾಲೊರಿ, ಪ್ರೋಟೀನು 7 ಗ್ರಾಂ, ಆದರೆ ಹಾಲಿನಿಂದಲೇ 150 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ, ಜೊತೆಗೆ ನಾರಿನಂಶ. ದೊಡ್ಡವರಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ ಸುಮಾರು 1000 ಮಿಲಿಗ್ರಾಂ.

ಯಾವುದು ಒಳ್ಳೆಯದು? ಅದು ಮನೆಯ ಮೇಲೆ ಹೋಗುತ್ತದೆ. ಕೂಲಿ ಕೆಲಸ ಮಾಡುವ ಆರು ಜನರ ಮನೆಯಲ್ಲಿ ಹಸಿವೇ ಮೊದಲ ಕಾಯಿಲೆ. ಅವರಿಗೆ 30 ಕೆ.ಜಿ. ಅಕ್ಕಿ ದೊಡ್ಡ ಆಸರೆ. ಅರ್ಧ ಲೀಟರ್ ಹಾಲನ್ನು ಆರು ಪಾಲು ಮಾಡಿದರೆ ಒಂದೊಂದು ಸಣ್ಣ ಲೋಟವೂ ತುಂಬುವುದಿಲ್ಲ. ಸಕ್ಕರೆ ಕಾಯಿಲೆ ಇರುವ ಇಬ್ಬರು ವೃದ್ಧರ ಮನೆಗೆ ಇನ್ನೂ 10 ಕೆ.ಜಿ. ಅಕ್ಕಿ ತಂದು ಏನು ಮಾಡುವುದು? ಅವರಿಗೆ ತಲಾ ಕಾಲು ಲೀಟರ್ ಹಾಲು, ದಿನಕ್ಕೊಂದು ಹೊತ್ತಿನ ಸಿರಿಧಾನ್ಯ ಹೆಚ್ಚು ಉಪಯೋಗ. ಒಂದು ಮಾತು ಹೊಟ್ಟೆಯನ್ನು ನೋಡಿತ್ತು, ಇನ್ನೊಂದು ಪೌಷ್ಟಿಕತೆಯನ್ನು ನೋಡಿತ್ತು. ಎರಡನ್ನೂ ‘ಬಿಟ್ಟಿ ಭಾಗ್ಯ’ ಎಂದು ಒಂದೇ ಬುಟ್ಟಿಗೆ ಹಾಕಿ ನಕ್ಕುಬಿಡುವವರು ಎರಡನ್ನೂ ಓದಿದವರಲ್ಲ. ನಿಮ್ಮ ಮನೆಗೆ ಎರಡೂ ಬಾರದಿರಬಹುದು. ನಿಮ್ಮ ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ಮನೆಗೆ ಬರುತ್ತದೆ. ಅವಳ ಮಕ್ಕಳೂ ನಿಮ್ಮ ಮಕ್ಕಳೂ ಉಸಿರಾಡುವುದು ಒಂದೇ ಬಡಾವಣೆಯ ಗಾಳಿ.

ಕೊಟ್ಟ ಮಾತು ಏನಾಯಿತು?

ಔಷಧಿ ಕೊಟ್ಟ ವೈದ್ಯ ‘ಹದಿನೈದು ದಿನ ಬಿಟ್ಟು ಬನ್ನಿ’ ಎನ್ನುತ್ತಾನೆ. ಮತದಾರರಿಗೂ ಆ ಅಭ್ಯಾಸ ಬೇಕು. 135 ಸ್ಥಾನ ಗೆದ್ದು ಕಾಂಗ್ರೆಸ್ ಸರ್ಕಾರ ಬಂತು. ಅಕ್ಕಿ ಕೊಡಲು ಹೊರಟಾಗ, 2023ರ ಜೂನ್‌ನಲ್ಲಿ, ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿತು. ರಾಜ್ಯ ಸರ್ಕಾರ ಜುಲೈನಿಂದ ಕೆ.ಜಿ.ಗೆ 34 ರೂಪಾಯಿಯಂತೆ ತಲಾ 170 ರೂಪಾಯಿಯನ್ನು ಖಾತೆಗೆ ಹಾಕತೊಡಗಿತು. ಹಣದ ಬದಲು ಅಕ್ಕಿಯೇ ಬರತೊಡಗಿದ್ದು 2025ರ ಆರಂಭದಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ, ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲಿಗೆ ಬೇಳೆ, ಎಣ್ಣೆ ಮುಂತಾದವಿರುವ ಇಂದಿರಾ ಆಹಾರ ಕಿಟ್ ಕೊಡಲು ಒಪ್ಪಿತು. ಅಂದರೆ ಹೊಟ್ಟೆಯ ಪ್ರಶ್ನೆಯಿಂದ ಹೊರಟ ಯೋಜನೆ ಪೌಷ್ಟಿಕತೆಯ ಪ್ರಶ್ನೆಗೆ ಬಂದು ನಿಂತಿತು.

ಸೋತ ಪಕ್ಷದ ಪ್ರಣಾಳಿಕೆಯನ್ನೂ ರದ್ದಿಗೆ ಹಾಕಬೇಡಿ ಎಂದು ನಾನು ಹೇಳುವುದು ಇದಕ್ಕೇ. ಅದರಲ್ಲಿದ್ದ ಒಳ್ಳೆಯ ಪ್ರಶ್ನೆ ಚುನಾವಣೆಯಲ್ಲಿ ಸೋತರೂ ಸತ್ತುಹೋಗುವುದಿಲ್ಲ.

ಲೋಕಸಭೆಯ ಮಾತಿನ ಕಥೆಯೂ ಅಷ್ಟೇ. 70 ದಾಟಿದವರ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಆದರೆ ದೆಹಲಿಯಲ್ಲಿ ಉದ್ಘಾಟನೆಯಾದ ಮಾತ್ರಕ್ಕೆ ಬಸವೇಶ್ವರನಗರದ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತೆಂದಲ್ಲ. ಆಯುಷ್ಮಾನ್ ಭಾರತ್‌ನ ಖರ್ಚನ್ನು ಕೇಂದ್ರ ಶೇ. 60, ರಾಜ್ಯ ಶೇ. 40 ಹಂಚಿಕೊಳ್ಳಬೇಕು, ಆಸ್ಪತ್ರೆಗಳೂ ಒಪ್ಪಬೇಕು. ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವ ಮೊದಲೇ ‘ಈ ಕಾರ್ಡು ಇಲ್ಲಿ, ಈ ಚಿಕಿತ್ಸೆಗೆ ನಡೆಯುತ್ತದೆಯೇ?’ ಎಂದು ಆಸ್ಪತ್ರೆಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಹಾಸಿಗೆ ಇದ್ದರೆ ಸಾಲದು

2023ರಲ್ಲಿ ಆಸ್ಪತ್ರೆಗಳ ಬಗ್ಗೆಯೂ ಎರಡು ದಾರಿಗಳು ಕಂಡವು. ಜೆಡಿಎಸ್ ತನ್ನ ‘ಪಂಚರತ್ನ’ದಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೆ 30 ಹಾಸಿಗೆಯ ಆಸ್ಪತ್ರೆ ಎಂದಿತು. ಬಿಜೆಪಿ ನಗರದ ಪ್ರತಿ ವಾರ್ಡಿಗೆ ಒಂದು ‘ನಮ್ಮ ಕ್ಲಿನಿಕ್’, ಅದರಲ್ಲಿ ಪರೀಕ್ಷಾ ಸೌಲಭ್ಯ, ಹಿರಿಯರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಎಂದಿತು.

ಹೃದಯಾಘಾತವಾದ ಹಳ್ಳಿಯ ರೋಗಿಗೆ ಹತ್ತಿರದಲ್ಲಿ ಆಸ್ಪತ್ರೆ ಇರುವುದು ಜೀವದಾನವೇ ಸರಿ. ಆ ಮಾತಿನ ಹಿಂದಿನ ನೋವು ನಿಜ. ಆದರೆ ನಮ್ಮ ರಾಜ್ಯದಲ್ಲಿ ಸುಮಾರು 6000 ಗ್ರಾಮ ಪಂಚಾಯಿತಿಗಳಿವೆ. ಹಗಲು-ರಾತ್ರಿ ತೆರೆದಿರುವ ಆಸ್ಪತ್ರೆಗೆ ಕಡಿಮೆಯೆಂದರೂ ನಾಲ್ವರು ವೈದ್ಯರು ಬೇಕು. ಅಂದರೆ 24,000 ವೈದ್ಯರು, ಅದರ ಹಲವು ಪಟ್ಟು ನರ್ಸುಗಳು. ಸರ್ಕಾರಿ ಮಾನದಂಡದಲ್ಲಿ 30 ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರ ಇರಬೇಕಾದದ್ದು ಸುಮಾರು 1.2 ಲಕ್ಷ ಜನಕ್ಕೆ ಒಂದು. ಕಟ್ಟಡಕ್ಕಿಂತ ಕೈಗಳು ಎಲ್ಲಿಂದ ಬರುತ್ತವೆ ಎಂಬುದೇ ಇಲ್ಲಿ ಪ್ರಶ್ನೆ.

ನಮ್ಮ ಕ್ಲಿನಿಕ್‌ಗಳು ಹೊಸ ಕನಸೇನೂ ಆಗಿರಲಿಲ್ಲ. 2022ರ ಡಿಸೆಂಬರ್‌ನಲ್ಲೇ ರಾಜ್ಯದಲ್ಲಿ 114 ಕ್ಲಿನಿಕ್‌ಗಳು ಉದ್ಘಾಟನೆಯಾಗಿದ್ದವು. ಆಗಲೇ ನಡೆಯುತ್ತಿರುವ ಕೆಲಸವನ್ನು ಮುಂದುವರಿಸುತ್ತೇವೆ ಎಂಬ ಮಾತು ನಡೆಯುವ ಸಂಭವ ಹೆಚ್ಚು. ಆದರೆ ಅಲ್ಲಿಯೂ ಕೇಳಬೇಕಾದ್ದಿದೆ: ವೈದ್ಯರು ಕಾಯಂ ನೌಕರರೋ ಗುತ್ತಿಗೆಯವರೋ? ಸಕ್ಕರೆ ಕಾಯಿಲೆಯ ಮಾತ್ರೆ ತಿಂಗಳು ಪೂರ್ತಿ ಸಿಗುತ್ತದೆಯೋ? ಕೆಲಸಕ್ಕೆ ಹೋಗಿ ಬರುವವರಿಗೆ ಸಂಜೆ ತೆರೆದಿರುತ್ತದೆಯೋ?

ಯಾರ ಕೆಲಸ ಯಾರದು?

ಹಲ್ಲು ನೋವಿಗೆ ಕಣ್ಣಿನ ಡಾಕ್ಟರ ಬಳಿ ಹೋಗುವವರಿಲ್ಲ. ಆದರೆ ಲೋಕಸಭಾ ಅಭ್ಯರ್ಥಿಯನ್ನು ಚರಂಡಿಯ ಬಗ್ಗೆಯೂ ವಾರ್ಡಿನ ಅಭ್ಯರ್ಥಿಯನ್ನು ದೇಶದ ಗಡಿಯ ಬಗ್ಗೆಯೂ ಕೇಳುವವರು ಬಹಳ. ಸಂವಿಧಾನದ ಏಳನೇ ಪರಿಚ್ಛೇದದ ಪ್ರಕಾರ ಸಾರ್ವಜನಿಕ ಆರೋಗ್ಯ, ಆಸ್ಪತ್ರೆಗಳು ರಾಜ್ಯ ಪಟ್ಟಿಯಲ್ಲಿವೆ. ನಮ್ಮ ಕಡೆಯ ಉದಾಹರಣೆ ನೋಡಿ. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಕೇಂದ್ರದ ಕಾರ್ಮಿಕ ಸಚಿವಾಲಯದಡಿ ಬರುವ ನಿಗಮದ್ದು. ಅದರ ಬಗ್ಗೆ ಕೇಳಬೇಕಾದದ್ದು ಲೋಕಸಭಾ ಅಭ್ಯರ್ಥಿಯನ್ನು. ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ರಾಜ್ಯ ಸರ್ಕಾರದ್ದು; ಅದನ್ನು ವಿಧಾನಸಭಾ ಅಭ್ಯರ್ಥಿಯನ್ನು ಕೇಳಿ. ಕಸ, ಸೊಳ್ಳೆ, ಮೋರಿ ನಗರ ಪಾಲಿಕೆಯವು.

ಪಾಲಿಕೆಯ ಪಾಲಿಗೆ ನಮ್ಮ ಊರಿನ ಅನುಭವ ಕಹಿ. 2015ರಲ್ಲಿ ಆಯ್ಕೆಯಾದ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ರಾಜ್ಯ ಸರ್ಕಾರ ಘೋಷಿಸಿದಾಗಲೂ ಬಾಗಿಲು ತಟ್ಟಿ ಕೇಳಲು ವಾರ್ಡಿನಲ್ಲಿ ಒಬ್ಬ ಚುನಾಯಿತ ಸದಸ್ಯರಿರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಲಾಯಿತು. ಪಾಲಿಕೆ ಅಭ್ಯರ್ಥಿಗಳನ್ನು ಹೋಲಿಸುವಾಗ ‘ಸೊಳ್ಳೆಗೆ ಹೊಗೆ ಹಾಕಿಸುತ್ತೇನೆ’ ಎನ್ನುವವರಿಗೂ ‘ನಿಂತ ನೀರು ಹರಿಯುವಂತೆ ಮೋರಿ ಸರಿಪಡಿಸುತ್ತೇನೆ’ ಎನ್ನುವವರಿಗೂ ವ್ಯತ್ಯಾಸವಿದೆ ಎಂಬುದನ್ನು ಮರೆಯಬೇಡಿ. ಹೊಗೆಯಿಂದ ಹಾರುವ ಸೊಳ್ಳೆ ಸಾಯುತ್ತದೆ. ನೀರಿನಲ್ಲಿರುವ ಮರಿ ಸಾಯುವುದಿಲ್ಲ.

ಅಭ್ಯರ್ಥಿಯೋ, ಪಕ್ಷವೋ?

‘ಪಕ್ಷ ಬಿಡಿ ಡಾಕ್ಟ್ರೇ, ಒಳ್ಳೆಯ ಮನುಷ್ಯನನ್ನು ನೋಡಿ ಹಾಕುತ್ತೇವೆ’ ಎನ್ನುವವರು ಹಲವರು. ಒಳ್ಳೆಯತನ ಬೇಕು, ನಿಜ. ಆದರೆ 1985ರಿಂದ ಪಕ್ಷಾಂತರ ನಿಷೇಧ ಕಾನೂನಿದೆ. ಸದನದಲ್ಲಿ ಪಕ್ಷ ವಿಪ್ ಹೊರಡಿಸಿದರೆ ಸದಸ್ಯರು ಅದರಂತೆ ಮತ ಹಾಕಬೇಕು. ಆದ್ದರಿಂದ ದೊಡ್ಡ ನೀತಿಗಳ ವಿಷಯದಲ್ಲಿ ಪಕ್ಷದ ನಿಲುವನ್ನು ಓದಿ. ಸ್ಥಳೀಯ ಕೆಲಸದ ವಿಷಯದಲ್ಲಿ ಅಭ್ಯರ್ಥಿಯನ್ನೇ ಕೇಳಿ.

2024ರಲ್ಲಿ ನಮ್ಮ ಪಕ್ಕದ ಬೆಂಗಳೂರು ಗ್ರಾಮಾಂತರ ಕ್ಷೇತ್ರದಲ್ಲಿ, ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಬಿಜೆಪಿಯಿಂದ ನಿಂತು, ಸಂಸದರಾಗಿದ್ದ ಕಾಂಗ್ರೆಸ್ಸಿನ ಡಿ.ಕೆ. ಸುರೇಶ್ ಅವರನ್ನು ಸೋಲಿಸಿದರು. ‘ಡಾಕ್ಟರ ಕಡೆ ನೀವೂ ತಾನೇ?’ ಎಂದು ನನ್ನನ್ನು ಕೇಳಿದವರುಂಟು. ವೃತ್ತಿಯೇ ನೀತಿಯಲ್ಲ. ವೈದ್ಯರು ನಿಂತಾಗಲೂ ಆರೋಗ್ಯದ ಬಗ್ಗೆ ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಬೇಕು. 2023ರಲ್ಲಿ ರಾಜಾಜಿನಗರದಲ್ಲಿ ಎದುರಾದ ಇಬ್ಬರೂ ಶಿಕ್ಷಣಕ್ಕೆ ಹತ್ತಿರದವರು. ಬಿಜೆಪಿಯ ಎಸ್. ಸುರೇಶ್ ಕುಮಾರ್ ಶಿಕ್ಷಣ ಸಚಿವರಾಗಿದ್ದವರು. ಕಾಂಗ್ರೆಸ್ಸಿನ ಪುಟ್ಟಣ್ಣ ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಪ್ರತಿನಿಧಿಯಾಗಿದ್ದವರು. ಶಾಲಾ ಮಕ್ಕಳ ಕಣ್ಣು ತಪಾಸಣೆ, ಹೆಣ್ಣುಮಕ್ಕಳ ಶೌಚಾಲಯ, ಬಿಸಿಯೂಟದ ಬಗ್ಗೆ ಇಬ್ಬರಿಂದಲೂ ಉತ್ತರ ಪಡೆಯಲು ಅದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿರಲಿಲ್ಲ.

ಮನೆಯಲ್ಲೇ ಮಾಡುವ ಪರೀಕ್ಷೆ

ಮುಂದಿನ ಚುನಾವಣೆ ಯಾವುದೇ ಇರಲಿ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮನೆಯವರೆಲ್ಲ ಕುಳಿತು ಒಂದು ಹಾಳೆ ತೆಗೆದುಕೊಳ್ಳಿ. ಪಕ್ಷಕ್ಕೊಂದರಂತೆ ಕಂಬಸಾಲು ಎಳೆಯಿರಿ. ಎಡಗಡೆ ಬರೆಯಬೇಕಾದದ್ದು ನಾಯಕರ ಹೆಸರಲ್ಲ, ನಿಮ್ಮ ಮನೆಯ ಮೂರು ಕಷ್ಟಗಳು: ಅಜ್ಜಿಯ ಮಂಡಿ ನೋವು, ಮಗುವಿನ ಉಬ್ಬಸ, ಮಾತ್ರೆಯ ಖರ್ಚು. ಕೆಂಗೇರಿಯ ಕಡೆಯವರಾದರೆ ವೃಷಭಾವತಿಯ ನಾತವನ್ನೂ ಬರೆಯಿರಿ. ಆಮೇಲೆ ಪ್ರತಿಯೊಂದಕ್ಕೂ ಈ ಐದು ಪ್ರಶ್ನೆ ಕೇಳಿ:

1. ಈ ಕಷ್ಟದ ಬಗ್ಗೆ ಏನಾದರೂ ಹೇಳಿದ್ದಾರೆಯೇ? ಹೇಳದಿದ್ದರೆ ಮನೆಯನ್ನು ಖಾಲಿ ಬಿಡಿ. ಖಾಲಿ ಮನೆಯೂ ಒಂದು ಉತ್ತರವೇ.

2. ಯಾರಿಗೆ ಸಿಗುತ್ತದೆ? ವಯಸ್ಸು, ಕಾರ್ಡು, ‘ತಲಾ’ ಅಥವಾ ‘ಮನೆಗೆ’ ಎಂಬುದನ್ನು ನೋಡಿ.

3. ಈ ಚುನಾವಣೆಯಲ್ಲಿ ಗೆದ್ದವರಿಗೆ ಅದನ್ನು ಮಾಡುವ ಅಧಿಕಾರವಿದೆಯೇ?

4. ಹಣ, ಜನ ಎಲ್ಲಿಂದ? 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಭರವಸೆಗೆ ಕಾರಣವನ್ನೂ ಹಣ ಹೊಂದಿಸುವ ದಾರಿಯನ್ನೂ ಪ್ರಣಾಳಿಕೆಯಲ್ಲಿ ಸೂಚಿಸಬೇಕೆಂದು ಚುನಾವಣಾ ಆಯೋಗ ನಿಯಮ ಮಾಡಿದೆ. ಕೇಳುವುದು ನಿಮ್ಮ ಹಕ್ಕು.

5. ಹಿಂದೆ ಅಧಿಕಾರದಲ್ಲಿದ್ದಾಗ ಇದೇ ವಿಷಯದಲ್ಲಿ ಏನು ಮಾಡಿದರು?

ಅಭ್ಯರ್ಥಿಗಳು ಸಲ್ಲಿಸುವ ಪ್ರಮಾಣಪತ್ರದಲ್ಲಿ ಆಸ್ತಿ, ವಿದ್ಯಾರ್ಹತೆ, ಮೊಕದ್ದಮೆಗಳ ವಿವರ ಇರುತ್ತದೆ. ಅದನ್ನೂ ಓದಿ. ಆದರೆ ಅದು ಮನುಷ್ಯನ ವಿಷಯ ಹೇಳುತ್ತದೆಯೇ ಹೊರತು ನೀತಿಯ ವಿಷಯ ಹೇಳುವುದಿಲ್ಲ. ಹಾಳೆಯನ್ನು ಎಸೆಯಬೇಡಿ. ವರ್ಷಕ್ಕೊಮ್ಮೆ ತೆಗೆದು ನೋಡಿ.

ಎಲ್ಲವೂ ಆರೋಗ್ಯವಲ್ಲ, ಹಾಳೆಯೇ ಮತವೂ ಅಲ್ಲ. ನಂಬಿಕೆ, ನ್ಯಾಯ, ಊರಿನ ಶಾಂತಿ ಇವೂ ತೂಗಬೇಕಾದವು. ಒಂದೇ ಹಾಳೆ ನೋಡಿ ತಂದೆ ಒಬ್ಬರಿಗೆ, ಮಗ ಇನ್ನೊಬ್ಬರಿಗೆ ಹಾಕಬಹುದು. ಅದರಲ್ಲಿ ತಪ್ಪೇನಿಲ್ಲ. ಏಕೆ ಹಾಕಿದೆವೆಂದು ಇಬ್ಬರಿಗೂ ಗೊತ್ತಿದ್ದರೆ ಸಾಕು.

ನಮ್ಮ ಯಜಮಾನರು ಮೇ ತಿಂಗಳಲ್ಲಿ ಮತ್ತೆ ಬಂದರು. ರಕ್ತದೊತ್ತಡ 138/84. ಮಗನೇ ಸ್ಕೂಟರಿನಲ್ಲಿ ಕರೆತಂದಿದ್ದರು. ಬೆಂಚಿನ ಮೇಲೆ ಅಕ್ಕಪಕ್ಕ ಕುಳಿತಿದ್ದರು. ಯಾರಿಗೆ ಮತ ಹಾಕಿದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಾತ್ರೆಯನ್ನು ಮಾತ್ರ ಜನೌಷಧಿ ಅಂಗಡಿಯಲ್ಲಿ ತೆಗೆದುಕೊಳ್ಳುತ್ತಿದ್ದೇವೆ, ರಕ್ತ ಪರೀಕ್ಷೆಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿದೆವು ಎಂದರು.